ಮನೆ ಹಿಂದಿನ ಕೊಳದಲ್ಲಿ ಅಲಿಗೇಟರ್: ಫ್ಲಾರಿಡಾದ ಹಳ್ಳಿಗಾಡಿನಲ್ಲಿ ನೆಲೆಸುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಫ್ಲಾರಿಡಾದಲ್ಲಿ ಊರಾಚೆ ಎರಡು-ಮೂರು ಎಕರೆ ಜಾಗ, ಹಿತ್ತಲಲ್ಲಿ ಒಂದು ಕೊಳ, ದಡದಲ್ಲಿ ದೊಡ್ಡ ಓಕ್ ಮರ. ಒಕಾಲಾ ಕಡೆಯೋ, ಗೇನ್ಸ್‌ವಿಲ್ ಕಡೆಯೋ, ಲೇಕ್‌ಲ್ಯಾಂಡ್ ಆಚೆಯೋ ಇಂಥ ಮನೆ ಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. ಮನೆ ತೋರಿಸಿದ ಏಜೆಂಟ್ ಅಡುಗೆಮನೆಯ ಗ್ರಾನೈಟ್ ಬಗ್ಗೆ ಬೇಕಾದಷ್ಟು ಹೇಳಿರುತ್ತಾರೆ. ಕೊಳದಲ್ಲಿ ಯಾರಿದ್ದಾರೆ ಅಂತ ಮಾತ್ರ ಹೇಳಿರುವುದಿಲ್ಲ. ನಾನು ಹೇಳುತ್ತೇನೆ ಕೇಳಿ, ಅಲಿಗೇಟರ್ ಇದೆ. ಇವತ್ತು ಇಲ್ಲದಿದ್ದರೆ ಮುಂದಿನ ಏಪ್ರಿಲ್‌ನಲ್ಲಿ ಬರುತ್ತದೆ.

ಇದು ಹೆದರಿಸುವ ಮಾತಲ್ಲ. ಈ ರಾಜ್ಯದ 67 ಕೌಂಟಿಗಳಲ್ಲೂ ಅಲಿಗೇಟರ್ ಇವೆ. ಒಟ್ಟು ಸುಮಾರು 13 ಲಕ್ಷ ಇರಬಹುದು ಎಂಬುದು ಸರ್ಕಾರದ ವನ್ಯಜೀವಿ ಇಲಾಖೆಯ ಅಂದಾಜು. ಇಲ್ಲಿಯವರು ಪ್ರೀತಿಯಿಂದಲೋ ಸಲಿಗೆಯಿಂದಲೋ ಗೇಟರ್ ಅನ್ನುತ್ತಾರೆ. ಇಷ್ಟಿದ್ದರೂ ಕೆಣಕದೆಯೇ ಕಚ್ಚಿ, ಆಸ್ಪತ್ರೆಗೆ ಹೋಗಬೇಕಾಗಿ ಬರುವ ಪ್ರಕರಣಗಳು ಇಡೀ ರಾಜ್ಯದಲ್ಲಿ ವರ್ಷಕ್ಕೆ ಸರಾಸರಿ 8. ಅಂದರೆ ಜೊತೆಯಲ್ಲಿ ಬಾಳುವುದು ಸಾಧ್ಯ. ಕೋಟಿಗಟ್ಟಲೆ ಜನ ಬಾಳುತ್ತಲೇ ಇದ್ದಾರೆ. ಆದರೆ ಆ 8ರಲ್ಲಿ ನಾವು ಒಬ್ಬರಾಗದಿರಲು ಒಂದಷ್ಟು ಅಭ್ಯಾಸ ಬದಲಿಸಿಕೊಳ್ಳಬೇಕು. ಪ್ರಾಣಿಯನ್ನು ಬದಲಿಸಲು ಆಗುವುದಿಲ್ಲ. ಕೊಳದ ಅಂಚಿನಲ್ಲಿ ನಾವು ಹೇಗೆ ಇರುತ್ತೇವೆ ಎಂಬುದನ್ನು ಬದಲಿಸಬಹುದು. ಈ ಬರಹ ಪೂರ್ತಿ ಆ ಅಂಚಿನ ಬಗ್ಗೆಯೇ.

ಮೊದಲಿಗೆ, ಇದು ನಮ್ಮೂರ ಮೊಸಳೆಯಲ್ಲ

ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಾಯಿ ತೆರೆದು ಮಲಗಿರುವುದು, ದಾಂಡೇಲಿಯ ಕಾಳಿ ನದಿಯಲ್ಲಿ ಕಾಣುವುದು ಮಗ್ಗರ್ ಮೊಸಳೆ. ಅದರ ಮತ್ತು ಅಲಿಗೇಟರ್‌ನ ಕುಟುಂಬ ಬೇರೆ ಬೇರೆ. ಗೇಟರ್‌ನ ಮೂತಿ ಅಗಲ, ಮುಂದೆ ದುಂಡಗೆ. ಮೈ ಬಹುಮಟ್ಟಿಗೆ ಕಪ್ಪು. ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲು ಕಾಣುವುದಿಲ್ಲ. ಮಗ್ಗರ್ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಗೇಟರ್ ಹುಲ್ಲು, ಸೊಪ್ಪು, ಕೆಸರು ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ.

ಸ್ವಭಾವದಲ್ಲೂ ವ್ಯತ್ಯಾಸ ಇದೆ. ಮಗ್ಗರ್‌ಗೆ ಹೋಲಿಸಿದರೆ ಗೇಟರ್‌ಗೆ ಮನುಷ್ಯರ ಅಂಜಿಕೆ ಜಾಸ್ತಿ. ಕಾಡಿನ ಗೇಟರ್ ನಿಮ್ಮನ್ನು ಕಂಡರೆ ನೀರಿಗೆ ಜಾರಿಕೊಳ್ಳುತ್ತದೆ. ಈ ಅಂಜಿಕೆಯೇ ನಿಮ್ಮ ಮನೆಯ ನಿಜವಾದ ಬೇಲಿ. ಅದನ್ನು ಕಳೆಯುವವರು ಹೆಚ್ಚಿನಂಶ ನಾವೇ. ಹೇಗೆ ಅನ್ನುವುದು ಮುಂದೆ ಬರುತ್ತದೆ.

ಹಂತ 1: ಕೊಳದಲ್ಲಿ ಯಾರಿದ್ದಾರೆ, ಎಷ್ಟು ದೊಡ್ಡವರಿದ್ದಾರೆ ನೋಡಿ

ಮನೆಗೆ ಬಂದ ಮೊದಲ ವಾರವೇ ಈ ಕೆಲಸ ಮಾಡಿ. ಹಗಲಲ್ಲಿ ದೂರದಿಂದ ದಡ ಗಮನಿಸಿ. ಒಂದೇ ಜಾಗದಲ್ಲಿ ಹುಲ್ಲು ಮಲಗಿ ನೆಲ ನುಣ್ಣಗಾಗಿದ್ದರೆ ಅದು ಬಿಸಿಲು ಕಾಯಿಸುವ ಜಾಗ. ಕೆಸರಿನಲ್ಲಿ ಎರಡು ಸಾಲು ಹೆಜ್ಜೆ, ನಡುವೆ ಬಾಲ ಎಳೆದ ಗೆರೆ ಕಂಡರೆ ಓಡಾಟ ಇದೆ ಅಂತ ಅರ್ಥ. ದಡದ ಅಡಿಯಲ್ಲಿ ದೊಡ್ಡ ಬಿಲ ಇದ್ದರೆ ಅದು ಚಳಿಗಾಲದ ಮನೆಯೂ ಹೌದು, ಬರಗಾಲದ ಮನೆಯೂ ಹೌದು.

ರಾತ್ರಿ ಇನ್ನೂ ಸುಲಭ. ಮನೆಯ ಜಗಲಿ ಮೇಲೆಯೇ ನಿಂತು ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ನೀರಿನ ಮೇಲೆ ಬಿಡಿ. ಗೇಟರ್ ಕಣ್ಣು ಕೆಂಪಗೆ ಹೊಳೆಯುತ್ತದೆ. ಕಪ್ಪೆ, ಜೇಡದ ಕಣ್ಣುಗಳೂ ಹೊಳೆಯುತ್ತವೆ, ಆದರೆ ಅವು ಹಸಿರು ಅಥವಾ ಬಿಳಿ ಚುಕ್ಕೆಗಳು. ಕೆಂಪು ಜೋಡಿ ಎಷ್ಟು ಅಂತ ಎಣಿಸಿ.

ಈಗ ಅಳತೆ. ನೀರಿನಲ್ಲಿ ತಲೆ ಮಾತ್ರ ಕಾಣುತ್ತದೆ, ಮೈ ಎಷ್ಟಿದೆ ಅಂತ ಹೇಗೆ ಹೇಳುವುದು? ಇಲ್ಲಿನ ಹಳಬರ ಲೆಕ್ಕ ಒಂದಿದೆ. ಕಣ್ಣಿನಿಂದ ಮೂಗಿನ ತುದಿಗೆ ಎಷ್ಟು ಇಂಚೋ, ಮೈ ಹೆಚ್ಚುಕಮ್ಮಿ ಅಷ್ಟು ಅಡಿ. ಕಣ್ಣು-ಮೂಗಿನ ನಡುವೆ 7 ಇಂಚು ಕಂಡರೆ 7 ಅಡಿಯ ಗೇಟರ್. ಬೈನಾಕ್ಯುಲರ್ ಹಿಡಿದು ಅಂದಾಜು ಮಾಡಿ. ಟೇಪು ಹಿಡಿದು ಹತ್ತಿರ ಹೋಗಬೇಡಿ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಅಳತೆ ಯಾಕೆ ಬೇಕು ಅಂದರೆ, ಇಲ್ಲಿ ಎಲ್ಲ ನಿರ್ಧಾರವೂ 4 ಅಡಿಯ ಮೇಲೆ ನಿಂತಿದೆ. ಅದಕ್ಕಿಂತ ಚಿಕ್ಕದು ಹುಳ, ಕಪ್ಪೆ, ಸಣ್ಣ ಮೀನು ತಿಂದುಕೊಂಡಿರುತ್ತದೆ. ನೀವಾಗಿ ಹಿಡಿಯಲು ಹೋಗದಿದ್ದರೆ ಅದರಿಂದ ಅಪಾಯ ಕಡಿಮೆ. ಹೆಣ್ಣು 10 ಅಡಿ ದಾಟುವುದು ಅಪರೂಪ. ಗಂಡು ಇನ್ನೂ ದೊಡ್ಡದಾಗುತ್ತದೆ. ಫ್ಲಾರಿಡಾದ ದಾಖಲೆ 14 ಅಡಿ ಮೂರೂವರೆ ಇಂಚು.

ಇನ್ನೊಂದು ಪರೀಕ್ಷೆ ಇದೆ. ನನ್ನ ಮಟ್ಟಿಗೆ ಅಳತೆಗಿಂತ ಇದೇ ಮುಖ್ಯ. ನೀವು ದೂರದಲ್ಲಿ ಕಾಣಿಸಿಕೊಂಡಾಗ ಗೇಟರ್ ಏನು ಮಾಡುತ್ತದೆ? ಮುಳುಗಿದರೆ, ಆಚೆ ದಡಕ್ಕೆ ಹೋದರೆ ಒಳ್ಳೆಯ ನೆರೆಮನೆಯವನು. ಸುಮ್ನೆ ಬಿದ್ದುಕೊಂಡಿದ್ದರೂ ಪರವಾಗಿಲ್ಲ. ನಿಮ್ಮ ಕಡೆಗೇ ಈಜಿ ಬಂದರೆ ಯಾರೋ ಅದಕ್ಕೆ ತಿನ್ನಿಸಿದ್ದಾರೆ. ಹಿಂದಿನ ಮಾಲೀಕರೇ ಇರಬಹುದು, ಪಕ್ಕದ ಜಮೀನಿನವರೂ ಇರಬಹುದು. ಅಂಥದ್ದರ ಜೊತೆ ಬಾಳುವ ಪ್ರಯೋಗ ಮಾಡಬೇಡಿ. ನೇರವಾಗಿ ಹಂತ 7ಕ್ಕೆ ಹೋಗಿ.

ಹಂತ 2: ತಿನ್ನಿಸಬೇಡಿ. ಮೀನಿಗೂ ಬೇಡ, ಬಾತುಕೋಳಿಗೂ ಬೇಡ

ಗೇಟರ್‌ಗೆ ತಿನ್ನಿಸುವುದು ಫ್ಲಾರಿಡಾದಲ್ಲಿ ಕಾನೂನಿಗೆ ವಿರುದ್ಧ. ಇದು ಎಲ್ಲರಿಗೂ ಗೊತ್ತು. ನಮ್ಮವರಲ್ಲಿ ಯಾರೂ ಬೇಕಂತಲೇ ಕೋಳಿ ಕಾಲು ಎಸೆಯುವುದಿಲ್ಲ. ನಮ್ಮ ಸಮಸ್ಯೆ ಬೇರೆ ದಾರಿಯಲ್ಲಿ ಬರುತ್ತದೆ.

ಶೃಂಗೇರಿಗೆ ಹೋದವರೆಲ್ಲ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಿರುತ್ತೇವೆ. ನೀರು ಕಂಡರೆ, ಅದರಲ್ಲಿ ಮೀನು ಕಂಡರೆ ಏನಾದರೂ ಹಾಕಬೇಕು ಅನ್ನಿಸುವುದು ನಮ್ಮ ಕೈಗೆ ಅಂಟಿಕೊಂಡು ಬಂದಿದೆ. ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದಿರುತ್ತಾರೆ. ಮಕ್ಕಳು ಆಫೀಸಿನಲ್ಲಿ, ಮೊಮ್ಮಕ್ಕಳು ಸ್ಕೂಲಿನಲ್ಲಿ. ಅಮ್ಮ ಉಳಿದ ಅನ್ನ, ತಂಗಳು ಚಪಾತಿ ಹಿಡಿದು ಕೊಳದ ಹತ್ತಿರ ಹೋಗುತ್ತಾರೆ. ಅನ್ನ ಚೆಲ್ಲಬಾರದು, ಮೀನಾದರೂ ತಿನ್ನಲಿ. ಒಳ್ಳೆಯ ಮನಸ್ಸೇ. ಆದರೆ ದಿನಾ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಅನ್ನ ಬಿದ್ದರೆ ಮೀನು, ಆಮೆ, ಬಾತುಕೋಳಿ ಅಲ್ಲಿ ಸೇರುತ್ತವೆ. ಅವುಗಳ ಹಿಂದೆ ಗೇಟರ್ ಬರುತ್ತದೆ. ಕೆಲವೇ ದಿನಗಳಲ್ಲಿ ದಡದಲ್ಲಿ ಮನುಷ್ಯನ ಕಾಲಿನ ಸಪ್ಪಳಕ್ಕೂ ಊಟಕ್ಕೂ ಅದು ನಂಟು ಕಟ್ಟಿಕೊಳ್ಳುತ್ತದೆ. ಆಮೇಲೆ ಬರಿಗೈಲಿ ಹೋದರೂ ಬರುತ್ತದೆ.

ಹಾಗಾಗಿ ಇವಿಷ್ಟು ಮಾಡಿ. ಮಿಕ್ಕ ಅಡುಗೆ ಕಸದ ಡಬ್ಬಕ್ಕೆ ಅಥವಾ ಗೊಬ್ಬರದ ಗುಂಡಿಗೆ ಹೋಗಲಿ, ಆ ಗುಂಡಿ ಕೊಳದಿಂದ ಆದಷ್ಟು ದೂರ ಇರಲಿ. ಮಾಂಸ, ಮೀನಿನ ಮುಳ್ಳು, ಮೂಳೆ ಗೊಬ್ಬರದ ಗುಂಡಿಗೂ ಬೇಡ. ಮೀನು ಹಿಡಿಯುವವರಾದರೆ ಕತ್ತರಿಸಿ ತೊಳೆಯುವ ಕೆಲಸ ದಡದಲ್ಲಿ ಮಾಡಬೇಡಿ, ಕರುಳು-ಪೊರೆ ನೀರಿಗೆ ಎಸೆಯಬೇಡಿ. ಗಾಳಕ್ಕೆ ಸಿಕ್ಕ ಮೀನಿಗೆ ಗೇಟರ್ ಬಾಯಿ ಹಾಕಿದರೆ ಹಗ್ಗಜಗ್ಗಾಟಕ್ಕೆ ನಿಲ್ಲಬೇಡಿ, ದಾರ ಕತ್ತರಿಸಿ ಬಿಡಿ. ನಾಯಿ ಬೆಕ್ಕಿನ ಊಟದ ತಟ್ಟೆ ಹೊರಗೆ ಬೇಡ. ಪೂಜೆಯ ಹೂವು, ನೈವೇದ್ಯ ಕೂಡ ಗಿಡದ ಬುಡಕ್ಕೆ ಹೋಗಲಿ.

ಅಮ್ಮನಿಗೆ "ಕಾನೂನು ಇದೆ" ಅಂದರೆ ಅಷ್ಟು ನಾಟುವುದಿಲ್ಲ. "ನೀವು ಅನ್ನ ಹಾಕಿದರೆ ಕೊನೆಗೆ ಸಾಯುವುದು ಆ ಪ್ರಾಣಿಯೇ" ಅಂತ ಹೇಳಿ ನೋಡಿ. ಅದು ನಿಜ ಕೂಡ. ಯಾಕೆ ಅಂತ ಹಂತ 7ರಲ್ಲಿ ಇದೆ.

ಹಂತ 3: ದಡವನ್ನು ಬಯಲು ಮಾಡಿ

ಗೇಟರ್ ಬೇಟೆಯಾಡುವುದು ಅಡಗಿ ಕೂತು. ನೀರಿನ ಅಂಚಿನಲ್ಲಿ ಪೊದೆ, ಜೊಂಡು, ಎತ್ತರದ ಹುಲ್ಲು ಇದ್ದರೆ ಅದಕ್ಕೂ ಅನುಕೂಲ, ನಿಮಗೆ ಕಾಣಿಸುವುದೂ ಇಲ್ಲ. ಮನೆಯ ಕಡೆಯ ದಡದಲ್ಲಿ ಹುಲ್ಲು ಗಿಡ್ಡವಾಗಿ ಕತ್ತರಿಸಿಡಿ. ನಿಂತ ಕಡೆಯಿಂದ ನೀರಿನ ಅಂಚು ಪೂರ್ತಿ ಕಾಣಬೇಕು. ಆಚೆ ದಡವನ್ನು ಹಾಗೇ ಬಿಡಿ. ಅದಕ್ಕೂ ಒಂದು ಜಾಗ ಬೇಕಲ್ಲ. ಅಲ್ಲಿ ಇರಲು ಸೌಕರ್ಯ ಇದ್ದರೆ ಈ ಕಡೆ ಬರುವುದು ಕಡಿಮೆ.

ನಮ್ಮವರಿಗೆ ಒಂದು ವಿಶೇಷ ಸೂಚನೆ. ಪತ್ರೊಡೆಯ ಆಸೆಗೆ ಕೊಳದ ಅಂಚಿನ ತೇವದಲ್ಲಿ ಕೆಸು ನೆಡಬೇಡಿ. ಇಲ್ಲಿನ ಹವೆಗೆ ಅದು ಆಳೆತ್ತರ ಬೆಳೆದು ಹಬ್ಬಿಕೊಳ್ಳುತ್ತದೆ. ನೀವು ಬಗ್ಗಿ ಎಲೆ ಕೊಯ್ಯುವ ಜಾಗವೇ ಗೇಟರ್‌ನ ಅಡಗುದಾಣ ಆಗುತ್ತದೆ. ಮನೆ ಹತ್ತಿರ ದೊಡ್ಡ ಕುಂಡದಲ್ಲಿ ಬೆಳೆಸಿ, ಎಲೆ ಚೆನ್ನಾಗಿಯೇ ಬರುತ್ತದೆ.

ಮಕ್ಕಳ ಉಯ್ಯಾಲೆ, ಬಾರ್ಬೆಕ್ಯೂ, ತರಕಾರಿ ಮಡಿ, ನಾಯಿಗೂಡು, ಕೋಳಿಗೂಡು ಎಲ್ಲವೂ ಮನೆಯ ಇನ್ನೊಂದು ಮಗ್ಗುಲಿಗೆ ಇರಲಿ. ಮೇಕೆ, ಹಸು ಸಾಕುವವರು ಕುಡಿಯುವ ನೀರಿಗೆ ಬೇರೆ ತೊಟ್ಟಿ ಇಡಿ. ಕೊಳಕ್ಕೆ ಇಳಿಸಬೇಡಿ. ಪಂಪು ದಡದಲ್ಲಿದ್ದರೆ ರಿಪೇರಿ ಕೆಲಸ ನಡುಹಗಲಲ್ಲಿ, ಇಬ್ಬರಿದ್ದಾಗ ಮಾಡಿ. ಒಬ್ಬರು ಸ್ಪ್ಯಾನರ್ ಹಿಡಿಯಲಿ, ಇನ್ನೊಬ್ಬರು ನೀರು ನೋಡುತ್ತಿರಲಿ. ಕಳೆ ತೆಗೆಯಲು ಸೊಂಟದ ನೀರಿಗೆ ಇಳಿಯುವುದಂತೂ ಬೇಡವೇ ಬೇಡ.

ಕೊಳದ ನಡುವೆ ಕಾರಂಜಿ ಹಾಕಿದರೆ ಬರುವುದಿಲ್ಲ, ಪ್ಲಾಸ್ಟಿಕ್ ಗೂಬೆ ಇಟ್ಟರೆ ಓಡುತ್ತದೆ, ಏನೋ ಪುಡಿ ಚೆಲ್ಲಿದರೆ ಸಾಕು ಎಂಬ ಸಲಹೆಗಳು ಸಿಗುತ್ತವೆ. ದುಡ್ಡು ಉಳಿಸಿ ಬೇಲಿಗೆ ಹಾಕಿ.

ಹಂತ 4: ಬೇಲಿ. ಹಾಕುವುದಾದರೆ ಸರಿಯಾಗಿ ಹಾಕಿ

ಗೇಟರ್ ಹತ್ತುತ್ತದೆ. ನಂಬಲು ಕಷ್ಟ, ಆದರೆ ನಾಯಿಯ ಆಸೆಗೆ 5 ಅಡಿಯ ಚೈನ್‌ಲಿಂಕ್ ಬೇಲಿಯನ್ನೇ ಹತ್ತಿದ ದಾಖಲೆ ಇದೆ. ಉಗುರು ಸಿಕ್ಕಿಸಿ, ಬಾಲ ಊರಿ ಮೇಲೇರುತ್ತದೆ.

ಅಂಗಳಕ್ಕೆ ಬೇಲಿ ಹಾಕುವುದಾದರೆ ಎತ್ತರ ಕನಿಷ್ಠ 5 ಅಡಿ. ಜಾಲರಿಯ ಕಣ್ಣು 4 ಇಂಚಿಗಿಂತ ದೊಡ್ಡದು ಬೇಡ. ಎಲ್ಲಕ್ಕಿಂತ ಮುಖ್ಯ, ಬೇಲಿಯ ತಲೆಭಾಗ ಹೊರಗೆ, ಅಂದರೆ ಕೊಳದ ಕಡೆಗೆ, ಬಾಗಿರಬೇಕು. ಹತ್ತಿ ಬಂದದ್ದು ಅಲ್ಲಿ ಸಿಕ್ಕಿಕೊಂಡು ಹಿಂದಕ್ಕೆ ಬೀಳುತ್ತದೆ. ಅಡಿಯಲ್ಲಿ ನುಸುಳುವ ಸಂದು ಇರಬಾರದು. ಗೇಟಿನ ಕೆಳಗಿನ ಖಾಲಿ ಜಾಗವನ್ನು ಎಲ್ಲರೂ ಮರೆಯುತ್ತಾರೆ. ಇಡೀ ಬೇಲಿ ಗಟ್ಟಿಯಾಗಿದ್ದು ಗೇಟಿನ ಕೆಳಗೆ ಒಂದಡಿ ಸಂದಿದ್ದರೆ ಏನು ಬಂತು?

ಚಿಕ್ಕ ಕೊಳವಾದರೆ ಇನ್ನೊಂದು ದಾರಿ ಇದೆ. ದಡದುದ್ದಕ್ಕೂ ಕಾಂಕ್ರೀಟಿನದೋ ಮರದ್ದೋ ನೇರ ಗೋಡೆ ಕಟ್ಟುವುದು. ಅತಿ ಹೆಚ್ಚು ನೀರು ತುಂಬಿದಾಗಿನ ಮಟ್ಟದಿಂದ ಮೇಲೆ ಕನಿಷ್ಠ 3 ಅಡಿ ಇದ್ದರೆ ಗೇಟರ್ ನೀರಿನಿಂದ ಮೇಲೆ ಬರುವುದು ಕಷ್ಟ. ಖರ್ಚು ಜಾಸ್ತಿ. ಹಳ್ಳಿಗಾಡಿನ ಸ್ವಾಭಾವಿಕ ಕೊಳಕ್ಕೆ ಇದು ಒಪ್ಪುವುದೂ ಇಲ್ಲ. ಮನೆಯ ಕಡೆಯ ಅಂಗಳಕ್ಕೆ ಒಂದು ಒಳ್ಳೆಯ ಬೇಲಿ ಹಾಕಿ, ಕೊಳವನ್ನು ಅದರ ಪಾಡಿಗೆ ಬಿಡುವುದೇ ಹೆಚ್ಚಿನವರಿಗೆ ಸರಿಹೊಂದುತ್ತದೆ.

ಹಂತ 5: ಮಕ್ಕಳು, ನಾಯಿ, ಊರಿನಿಂದ ಬಂದ ಹಿರಿಯರು

2016ರ ಜೂನ್. ಒರ್ಲಾಂಡೊದ ಡಿಸ್ನಿ ರೆಸಾರ್ಟಿನ ಸರೋವರದ ದಡ, ರಾತ್ರಿ ಸುಮಾರು 9 ಗಂಟೆ. ಎರಡು ವರ್ಷದ ಮಗು ಕಾಲು ಮುಳುಗುವಷ್ಟು ನೀರಿನಲ್ಲಿ ಆಡುತ್ತಿತ್ತು. ಅಪ್ಪ ಅಮ್ಮ ಹತ್ತಿರದಲ್ಲೇ ಇದ್ದರು. ಗೇಟರ್ ಎಳೆದುಕೊಂಡು ಹೋಯಿತು, ಮಗು ಉಳಿಯಲಿಲ್ಲ. ಈಜಬೇಡಿ ಎಂಬ ಫಲಕ ಅಲ್ಲಿತ್ತು, ಅಲಿಗೇಟರ್ ಬಗ್ಗೆ ಇರಲಿಲ್ಲ. ಆಮೇಲೆ ಫಲಕಗಳೂ ಬೇಲಿಯೂ ಬಂದವು.

2023ರ ಫೆಬ್ರವರಿ. ಫೋರ್ಟ್ ಪಿಯರ್ಸ್‌ನಲ್ಲಿ 85 ವರ್ಷದ ಮಹಿಳೆಯೊಬ್ಬರು ಹಗಲು ಹೊತ್ತಿನಲ್ಲೇ ತಮ್ಮ ನಾಯಿಯನ್ನು ಕೊಳದ ಪಕ್ಕ ನಡೆಸುತ್ತಿದ್ದರು. 10 ಅಡಿಗೂ ದೊಡ್ಡ ಗೇಟರ್ ನೀರಿನಿಂದ ಎದ್ದು ಬಂತು. ಅದರ ಗುರಿ ನಾಯಿ. ನಾಯಿ ಉಳಿಯಿತು, ಅವರು ಉಳಿಯಲಿಲ್ಲ.

ಇವೆರಡನ್ನೂ ಜೊತೆಗಿಟ್ಟು ನೋಡಿ. ಗೇಟರ್ ಹೆಚ್ಚು ಚುರುಕಾಗಿರುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಹಾಗಾಗಿ ಆ ಹೊತ್ತಿನಲ್ಲಿ ದಡಕ್ಕೆ ಹೋಗಬಾರದು, ಸರಿ. ಆದರೆ ಎರಡನೆಯದು ಆದದ್ದು ಹಗಲಲ್ಲಿ. ಹೊತ್ತು ನೋಡಿದರೆ ಮಾತ್ರ ಸಾಲದು, ಅಂಚಿನಿಂದಲೂ ದೂರ ಇರಬೇಕು.

ಮಕ್ಕಳಿಗೆ ನಿಯಮ ಒಂದೇ ಒಂದು ಮಾಡಿ. ದೊಡ್ಡವರು ಕೈ ಹಿಡಿಯದೆ ಬೇಲಿಯ ಗೇಟು ದಾಟುವಂತಿಲ್ಲ. ಚೆಂಡು ನೀರಿಗೆ ಬಿತ್ತಾ? ಹೋಯಿತು ಅಂತ ಬಿಟ್ಟುಬಿಡುವುದು. ಹೊಸ ಚೆಂಡಿಗೆ ಐದು ಡಾಲರ್. ಬೇಲಿ ಇನ್ನೂ ಹಾಕಿಲ್ಲ ಅಂದರೆ ಬಣ್ಣದ ಕಲ್ಲುಗಳ ಒಂದು ಸಾಲನ್ನಾದರೂ ಜೋಡಿಸಿ, ಚಿಕ್ಕವರಿಗೆ ಕಣ್ಣಿಗೆ ಕಾಣುವ ಗಡಿ ಬೇಕು.

ನಾಯಿ ಗೇಟರ್ ಕಣ್ಣಿಗೆ ಅದು ದಿನಾ ತಿನ್ನುವ ಪ್ರಾಣಿಗಳ ಗಾತ್ರದ್ದೇ. ಹಗ್ಗ ಬಿಟ್ಟು ಓಡಿಸಬೇಡಿ, ಕೊಳದಲ್ಲಿ ಈಜಲು, ನೀರು ಕುಡಿಯಲು ಬಿಡಬೇಡಿ. ಎಳೆದರೆ ಉದ್ದವಾಗುವ ಪಟ್ಟಿಗಿಂತ ಗಿಡ್ಡ ಪಟ್ಟಿ ಒಳ್ಳೆಯದು. 2020ರಲ್ಲಿ ಎಸ್ಟೆರೊ ಎಂಬಲ್ಲಿ ಹಿರಿಯರೊಬ್ಬರು ಹಿತ್ತಲ ಕೊಳಕ್ಕೆ ಧುಮುಕಿ, ಬಾಯಲ್ಲಿ ಸಿಗಾರ್ ಕಚ್ಚಿಕೊಂಡೇ, ಗೇಟರ್ ದವಡೆ ಬಿಡಿಸಿ ನಾಯಿಮರಿ ಉಳಿಸಿಕೊಂಡರು. ಆ ವಿಡಿಯೊವನ್ನು ಜಗತ್ತೇ ನೋಡಿತು. ಅದು ಚಿಕ್ಕ ಗೇಟರ್ ಆಗಿತ್ತು, ಅವರ ಅದೃಷ್ಟ. ಅದನ್ನು ನೋಡಿ ಕಲಿಯುವುದೇನೂ ಇಲ್ಲ.

ಹಿರಿಯರಿಗೆ ಬಂದ ದಿನವೇ ಹೇಳಿಬಿಡಿ. ಬೆಳಗಿನ ಜಾವದ ವಾಕಿಂಗ್ ರಸ್ತೆ ಬದಿಗೆ ಅಥವಾ ಮನೆಯ ಮುಂದಿನ ಭಾಗಕ್ಕೆ. ಸಂಜೆ ದಡದ ಕಲ್ಲಿನ ಮೇಲೆ ಕೂತು ಕಾಲು ನೀರಿಗೆ ಬಿಡುವುದು ಬೇಡ. ಡಾಕ್ (ನೀರಿನ ಮೇಲೆ ಚಾಚಿದ ಅಟ್ಟಣೆ) ಇದ್ದರೆ ಕುರ್ಚಿ ಹಾಕಿ ನಡುವೆ ಕೂರಲಿ, ಅಂಚಿನಲ್ಲಿ ಕಾಲು ಇಳಿಬಿಟ್ಟು ಬೇಡ.

ಗಣೇಶನನ್ನು ಬಿಡುವುದು ಇನ್ನೊಂದು. ಹಿತ್ತಲಲ್ಲೇ ಕೊಳ ಇದೆ, ಸಂಜೆ ಆರತಿ ಮುಗಿಸಿ ಅಲ್ಲೇ ಬಿಡೋಣ ಅಂತ ಹತ್ತಾರು ಜನ ಸೇರುತ್ತೇವೆ. ಮಕ್ಕಳೆಲ್ಲ ಅಂಚಿಗೆ ಮುಗಿಬೀಳುತ್ತಾರೆ. ಹೊತ್ತು ಮುಳುಗುವ ಸಮಯ, ಮೇಲಾಗಿ ಅದು ಆಗಸ್ಟ್-ಸೆಪ್ಟೆಂಬರ್. ಮರಿಗಳು ಹೊರಬಂದು ತಾಯಿ ಕಾವಲಿರುವ ಕಾಲ. ದೊಡ್ಡ ಬಕೆಟ್ಟಿನಲ್ಲಿ ಮಣ್ಣಿನ ಗಣಪನನ್ನು ಬಿಡಿ, ಕರಗಿದ ಮೇಲೆ ಗಿಡಕ್ಕೆ ಹಾಕಿ. ಬೆಂಗಳೂರಿನಲ್ಲೇ ಈಗ ಎಷ್ಟೋ ಮನೆಗಳಲ್ಲಿ ಹೀಗೆ ಮಾಡುತ್ತಾರೆ.

ಹಂತ 6: ವರ್ಷದ ಲೆಕ್ಕ ಇಟ್ಟುಕೊಳ್ಳಿ

ಗೇಟರ್ ತಣ್ಣನೆ ರಕ್ತದ ಪ್ರಾಣಿ, ಅದರ ದಿನಚರಿ ಬಿಸಿಲಿನ ಮೇಲೆ ನಿಂತಿದೆ. 28ರಿಂದ 33 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 21ರ ಕೆಳಗೆ ಊಟ ಬಿಡುತ್ತದೆ. 13ರ ಕೆಳಗೆ ಬಿಲದಲ್ಲಿ ಜಡವಾಗಿ ಬಿದ್ದಿರುತ್ತದೆ. ಹಾಗಂತ ಜನವರಿಯಲ್ಲಿ ಕಾಣುವುದೇ ಇಲ್ಲ ಅಂದುಕೊಳ್ಳಬೇಡಿ. ಚಳಿಯ ಮರುದಿನ ಬಿಸಿಲು ಬಂದರೆ ಹೊರಗೆ ಬಂದು ಮೈ ಕಾಯಿಸುತ್ತದೆ. ಬಾಯಿ ಅಗಲಿಸಿ ಮಲಗಿದ್ದರೆ ಸಿಟ್ಟಲ್ಲ, ಮೈ ಬಿಸಿ ಹದಕ್ಕೆ ತಂದುಕೊಳ್ಳುತ್ತಿದೆ.

ಏಪ್ರಿಲ್ ಬಂತೆಂದರೆ ಓಡಾಟ ಶುರು. ಜೊತೆ ಹುಡುಕುವ ಕಾಲ. ಕೊಳದಿಂದ ಕೊಳಕ್ಕೆ ನಡೆದುಕೊಂಡೇ ಹೋಗುತ್ತವೆ. ರಸ್ತೆ ಮೇಲೆ, ಗ್ಯಾರೇಜಿನಲ್ಲಿ, ಕಾರಿನ ಅಡಿಯಲ್ಲಿ, ಈಜುಕೊಳದಲ್ಲಿ ಸಿಗುವುದು ಹೆಚ್ಚಾಗಿ ಆಗಲೇ. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದಿಡಬೇಡಿ, ಈಜುಕೊಳಕ್ಕೆ ಹಾರುವ ಮುಂಚೆ ತಳ ನೋಡಿ. ಇದೇ ಕಾಲದಲ್ಲಿ ಗಂಡು ಗುಟುರು ಹಾಕುವುದು ಕೇಳಿಸುತ್ತದೆ. ಕಿವಿಗೆ ಕೇಳಿಸದಷ್ಟು ಕೆಳ ಸ್ವರದ ಕಂಪನವೂ ಅದರಲ್ಲಿರುತ್ತದೆ. ಬೆನ್ನ ಮೇಲಿನ ನೀರು ಹನಿಹನಿಯಾಗಿ ಪುಟಿಯುತ್ತದೆ. ಬೈನಾಕ್ಯುಲರಿನಲ್ಲಿ ಒಮ್ಮೆಯಾದರೂ ನೋಡಿ. ಈ ಮನೆ ಕೊಂಡಿದ್ದಕ್ಕೆ ಅದೂ ಒಂದು ಲಾಭ.

ಜೂನ್ ಕೊನೆ, ಜುಲೈ ಮೊದಲಲ್ಲಿ ಹೆಣ್ಣು ಗೂಡಿನಲ್ಲಿ 32ರಿಂದ 46 ಮೊಟ್ಟೆ ಇಡುತ್ತದೆ. ಕೊಳೆಯುವ ಸೊಪ್ಪಿನ ಬಿಸಿಯೇ ಕಾವು. ಆ ಬಿಸಿ ಎಷ್ಟಿದೆ ಎಂಬುದರ ಮೇಲೆ ಮರಿ ಹೆಣ್ಣೋ ಗಂಡೋ ತೀರ್ಮಾನವಾಗುತ್ತದೆ. ಸುಮಾರು 30 ಡಿಗ್ರಿಯಲ್ಲಿ ಹೆಣ್ಣು, 33ರ ಹತ್ತಿರ ಗಂಡು. 60-65 ದಿನಕ್ಕೆ ಮರಿಗಳು ಹೊರಬರುತ್ತವೆ. ಗೂಡು ಕಂಡರೆ ಆ ಕಡೆಗೆ ಹೋಗುವುದನ್ನು ಸೆಪ್ಟೆಂಬರ್ ಮುಗಿಯುವವರೆಗೆ ನಿಲ್ಲಿಸಿಬಿಡಿ. ಹುಲ್ಲು ಕತ್ತರಿಸುವುದೂ ಬೇಡ. ತಾಯಿ ಹತ್ತಿರದಲ್ಲೇ ಇರುತ್ತಾಳೆ. ಬುಸ್ ಅಂದರೆ "ಇಲ್ಲಿಂದ ಹೋಗು" ಅಂತ. ಎರಡನೇ ಸಲ ಹೇಳಿಸಿಕೊಳ್ಳಬೇಡಿ.

ಮರಿಗಳು ಗೇಣುದ್ದ ಇರುತ್ತವೆ, ಮೈ ಮೇಲೆ ಹಳದಿ ಪಟ್ಟೆ. ನೋಡಲು ಮುದ್ದು, ಮಕ್ಕಳಿಗೆ ಎತ್ತಿಕೊಳ್ಳುವ ಆಸೆ ಬಂದೇ ಬರುತ್ತದೆ. ಎತ್ತಿಕೊಂಡರೆ ಅದು ಕೀಚಲು ದನಿ ತೆಗೆಯುತ್ತದೆ, ತಾಯಿ ನುಗ್ಗುತ್ತಾಳೆ. ಮರಿಗಳ ಜೊತೆ ಅವಳು ಒಂದು ವರ್ಷ ಅಥವಾ ಜಾಸ್ತಿ ಇರುತ್ತಾಳೆ. ಕೊಳ ತುಂಬಾ ಗೇಟರ್ ಆಗಿಬಿಡುತ್ತದೆ ಅಂತ ಗಾಬರಿ ಬೇಡ. ರಕೂನ್, ಕೊಕ್ಕರೆ, ಮೀನು, ದೊಡ್ಡ ಗೇಟರ್‌ಗಳು ಎಲ್ಲ ಸೇರಿ ಬಹುಪಾಲು ಮರಿಗಳನ್ನು ಮುಗಿಸುತ್ತವೆ.

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ನೀರು ಅಂಗಳಕ್ಕೆ ಬಂದರೆ ಕೊಳದ ಅಂಚು ನಿಮ್ಮ ಮೆಟ್ಟಿಲಿಗೆ ಬಂತು ಅಂತ ಲೆಕ್ಕ. ನಿಂತ ನೀರಿನಲ್ಲಿ ನಡೆಯಬೇಡಿ. ನೀರು ಇಳಿದ ಮೇಲೆ ಶೆಡ್ಡು, ಮನೆಯ ಅಡಿಭಾಗ, ಚರಂಡಿ ಎಲ್ಲ ಟಾರ್ಚ್ ಹಾಕಿ ನೋಡಿ.

ಹಂತ 7: ಯಾವಾಗ ಫೋನ್ ಮಾಡಬೇಕು, ಮಾಡಿದರೆ ಏನಾಗುತ್ತದೆ

ವನ್ಯಜೀವಿ ಇಲಾಖೆಯ ಉಚಿತ ಸಹಾಯವಾಣಿ 866-392-4286. ಈಗಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಕನಿಷ್ಠ 4 ಅಡಿ ಇದ್ದು, ಜನರಿಗೋ ಸಾಕುಪ್ರಾಣಿಗೋ ಆಸ್ತಿಗೋ ಅಪಾಯ ಅನ್ನಿಸಿದರೆ ಅವರು ಗುತ್ತಿಗೆಯ ಟ್ರ್ಯಾಪರ್ (ಗೇಟರ್ ಹಿಡಿಯುವವರು) ಒಬ್ಬರನ್ನು ಕಳಿಸುತ್ತಾರೆ. ಪ್ರಾಣಕ್ಕೆ ಕುತ್ತು ಬಂದ ಗಳಿಗೆಯಾದರೆ 911.

ಜನ ಅಂದುಕೊಳ್ಳುವುದು, ಹಿಡಿದು ದಕ್ಷಿಣ ಫ್ಲಾರಿಡಾದ ದೊಡ್ಡ ಜೌಗು ಪ್ರದೇಶ ಎವರ್‌ಗ್ಲೇಡ್ಸ್‌ಗೆ ಬಿಟ್ಟು ಬರುತ್ತಾರೆ ಅಂತ. ಹಾಗೆ ಮಾಡುವುದಿಲ್ಲ. ದೊಡ್ಡ ಗೇಟರ್‌ನ್ನು ಬೇರೆ ಕಡೆ ಬಿಟ್ಟರೆ ಹಿಡಿದ ಜಾಗಕ್ಕೇ ವಾಪಸ್ ಬರಲು ನೋಡುತ್ತದೆ. ದಾರಿಯಲ್ಲಿ ಇನ್ನಷ್ಟು ಜನರಿಗೆ ಎದುರಾಗುತ್ತದೆ. ಒಳ್ಳೆಯ ನೀರಿನ ಜಾಗಗಳಲ್ಲಿ ಆಗಲೇ ಬೇರೆ ಗೇಟರ್‌ಗಳಿವೆ, ಜಗಳ ತಪ್ಪುವುದಿಲ್ಲ. ಹಾಗಾಗಿ ಹಿಡಿದದ್ದನ್ನು ಸಾಮಾನ್ಯವಾಗಿ ಕೊಲ್ಲುತ್ತಾರೆ. ತೊಗಲು, ಮಾಂಸ ಮಾರಿದ ಹಣವೇ ಟ್ರ್ಯಾಪರ್‌ನ ಮುಖ್ಯ ಸಂಪಾದನೆ. ಕೆಲವು ಮಾತ್ರ ಜೀವಂತವಾಗಿ ಅಲಿಗೇಟರ್ ಫಾರ್ಮಿಗೆ ಹೋಗುತ್ತವೆ.

ಇದು ಗೊತ್ತಿದ್ದು ಫೋನ್ ಮಾಡಿ. ಆಚೆ ದಡದಲ್ಲಿ ಬಿಸಿಲು ಕಾಯಿಸುತ್ತಿದೆ ಅಂತಲೋ, ಮಗುವಿನ ಹುಟ್ಟುಹಬ್ಬಕ್ಕೆ ಜನ ಬರುತ್ತಾರೆ ಅಂತಲೋ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಲಾಭವೂ ಕಡಿಮೆ. ಅಂಜಿಕೆ ಇರುವ ಹಳೆಯ ಗೇಟರ್ ಹೋದರೆ ಜಾಗ ಖಾಲಿ ಇರುವುದಿಲ್ಲ, ಗುಣ ಗೊತ್ತಿಲ್ಲದ ಹೊಸದು ಬರುತ್ತದೆ. ಆದರೆ ನಿಮ್ಮ ಕಡೆಗೆ ಈಜಿ ಬರುವುದು, ದಡದಲ್ಲಿ ಹತ್ತಿರ ನಿಂತವರನ್ನು ನೋಡಿಯೂ ಹಿಂದೆ ಸರಿಯದಿರುವುದು, ನಾಯಿಯನ್ನು ಹಿಂಬಾಲಿಸುವುದು, ಅಂಗಳದಲ್ಲಿ ಪದೇ ಪದೇ ಕಾಣಿಸಿಕೊಳ್ಳುವುದು ಕಂಡರೆ ತಡ ಮಾಡಬೇಡಿ. ಅಲ್ಲಿ ಕರುಣೆ ತೋರಿಸಲು ಹೋದರೆ ಬೇರೆ ಯಾರದೋ ಮಗು ಬೆಲೆ ತೆರುತ್ತದೆ.

ನೀವೇ ಹಿಡಿಯುವುದು, ಗುಂಡು ಹೊಡೆಯುವುದು, ಮೊಟ್ಟೆ ತೆಗೆಯುವುದು ಗಂಭೀರ ಅಪರಾಧ. ಜಮೀನು ನಿಮ್ಮದೇ ಆದರೂ ಅಷ್ಟೇ. 1967ರಲ್ಲಿ ಈ ಪ್ರಾಣಿ ಅಳಿವಿನ ಅಂಚಿಗೆ ಬಂದಿದೆ ಅಂತ ಅಮೆರಿಕ ಸರ್ಕಾರ ಪಟ್ಟಿ ಮಾಡಿತ್ತು. ಬೇಟೆ ನಿಂತ ಮೇಲೆ ಚೇತರಿಸಿಕೊಂಡು 1987ರಲ್ಲಿ ಅಪಾಯದಿಂದ ಪಾರಾಯಿತು. ಕಾನೂನಿನ ಬಿಗಿ ಈಗಲೂ ಇದೆ. ವೀಸಾದ ಮೇಲೆ ಇರುವವರು ಇದನ್ನು ಎರಡು ಸಲ ಓದಿ.

ಹಂತ 8: ಎದುರಿಗೇ ಸಿಕ್ಕಿದರೆ

ಸುಮಾರು 60 ಅಡಿ ಅಂತರ ಇಟ್ಟುಕೊಳ್ಳುವುದು ಒಳ್ಳೆಯ ಲೆಕ್ಕ. ಅದು ನೆಲದ ಮೇಲಿದ್ದರೆ ಮೊದಲು ನೋಡಬೇಕಾದ್ದು, ನೀವು ಅದಕ್ಕೂ ನೀರಿಗೂ ನಡುವೆ ನಿಂತಿದ್ದೀರಾ? ಹೌದಾದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಅದಕ್ಕೆ ಬೇಕಾಗಿರುವುದು ನೀರು. ಬೆನ್ನು ತೋರಿಸದೆ ನಿಧಾನ ಹಿಂದೆ ಬನ್ನಿ.

ನುಗ್ಗಿ ಬಂದರೆ ಓಡಿ, ನೇರವಾಗಿ, ನೀರಿನಿಂದ ದೂರಕ್ಕೆ. ಅಂಕುಡೊಂಕಾಗಿ ಓಡಬೇಕು ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಅದರಲ್ಲಿ ಹುರುಳಿಲ್ಲ. ಗೇಟರ್ ನೆಲದ ಮೇಲೆ ಸ್ವಲ್ಪ ದೂರ ಮಾತ್ರ ಜೋರಾಗಿ ಓಡಬಲ್ಲದು, ಬೇಗ ಸುಸ್ತಾಗುತ್ತದೆ.

ಕಚ್ಚಿ ಹಿಡಿದರೆ ಸತ್ತ ಹಾಗೆ ಬಿದ್ದುಕೊಳ್ಳಬೇಡಿ. ಜೋರಾಗಿ ಗದ್ದಲ ಮಾಡಿ, ಕಣ್ಣಿಗೆ ಬೆರಳು ಹಾಕಿ, ಮೂತಿಗೆ ಗುದ್ದಿ, ಒದೆಯಿರಿ. ಬೇಟೆ ಸುಲಭವಲ್ಲ ಅನ್ನಿಸಿದರೆ ಎಷ್ಟೋ ಸಲ ಬಿಟ್ಟುಬಿಡುತ್ತದೆ. ಹಿಡಿತ ಬದಲಿಸಲು ಬಾಯಿ ಸಡಿಲಿಸುವುದೂ ಉಂಟು. ಆ ಕ್ಷಣಕ್ಕೆ ಕಾಯುತ್ತಿರಿ. ಬಿಡಿಸಿಕೊಂಡ ಮೇಲೆ ಗಾಯ ಸಣ್ಣದು ಅಂತ ಅರಿಶಿನ ಹಚ್ಚಿ ಮನೆಯಲ್ಲಿ ಕೂರಬೇಡಿ. ರಕ್ತ ನಿಲ್ಲಲು ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ. ಅದರ ಬಾಯಿಯ, ಕೊಳದ ನೀರಿನ ಬ್ಯಾಕ್ಟೀರಿಯಾದಿಂದ ಕೆಟ್ಟ ಸೋಂಕು ತಗಲುತ್ತದೆ. ಕಚ್ಚಿದ್ದು ಅಲಿಗೇಟರ್ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಔಷಧಿ ಆಯ್ಕೆಗೆ ಅದು ಮುಖ್ಯ.

ಫ್ಲಾರಿಡಾ ಆಚೆ ಇರುವವರಿಗೆ

ಗೇಟರ್ ಇರುವುದು ಫ್ಲಾರಿಡಾದಲ್ಲಿ ಮಾತ್ರ ಅಲ್ಲ. ಉತ್ತರ ಕೆರೊಲಿನಾದ ಕರಾವಳಿಯಿಂದ ಟೆಕ್ಸಸ್‌ವರೆಗೆ ಹಬ್ಬಿದೆ. ಲೂಸಿಯಾನಾದಲ್ಲಂತೂ ಹೇರಳ. ಹ್ಯೂಸ್ಟನ್ ಸುತ್ತ ಶುಗರ್ ಲ್ಯಾಂಡ್, ಪೇರ್‌ಲ್ಯಾಂಡ್ ಕಡೆ ನಮ್ಮವರು ಬಹಳ ಮಂದಿ ಇದ್ದಾರೆ. ಅವರು ವಾರಾಂತ್ಯಕ್ಕೆ ಬ್ರಾಜೋಸ್ ಬೆಂಡ್ ಪಾರ್ಕಿಗೆ ಹೋಗಿ, ಗೇಟರ್ ನೀರಿನಲ್ಲಿ ಹೇಗಿರುತ್ತದೆ, ಜನರನ್ನು ಕಂಡರೆ ಏನು ಮಾಡುತ್ತದೆ ಅಂತ ದಾರಿಯ ಮೇಲಿಂದಲೇ ನೋಡಬಹುದು. ಕೊಳ ಇರುವ ಮನೆ ಕೊಳ್ಳುವ ಮುಂಚೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಬೇಲಿ, ಅಂತರ, ತಿನ್ನಿಸದಿರುವುದು ಎಲ್ಲ ಕಡೆಗೂ ಒಂದೇ. ಕಾನೂನು, ಫೋನ್ ನಂಬರ್ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಸ್‌ನಲ್ಲಿ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ, ಲೂಸಿಯಾನಾದಲ್ಲಿ ವೈಲ್ಡ್‌ಲೈಫ್ ಅಂಡ್ ಫಿಶರೀಸ್ ಇಲಾಖೆ, ಜಾರ್ಜಿಯಾ ಮತ್ತು ದಕ್ಷಿಣ ಕೆರೊಲಿನಾದಲ್ಲಿ ನ್ಯಾಚುರಲ್ ರಿಸೋರ್ಸಸ್ ಇಲಾಖೆ ಇದನ್ನು ನೋಡಿಕೊಳ್ಳುತ್ತವೆ. ಮನೆ ರಿಜಿಸ್ಟರ್ ಆದ ವಾರವೇ ನಿಮ್ಮ ರಾಜ್ಯದ ನಂಬರ್ ಹುಡುಕಿ ಫ್ರಿಜ್ ಮೇಲೆ ಅಂಟಿಸಿ. ಊರಿಗೆ ಹೋಗುವಾಗ ಮನೆ ನೋಡಿಕೊಳ್ಳಲು ಬರುವವರಿಗೂ ಬಾಡಿಗೆಗೆ ಇರುವವರಿಗೂ ಕೊಳದ ಬಗ್ಗೆ ಬಾಯಿಬಿಟ್ಟು ಹೇಳಿ, ಗೇಟಿನ ಬೀಗದ ಕೈ ಎಲ್ಲಿದೆ ತೋರಿಸಿ.